ಅಮ್ಮಿಯ ಬೆಕ್ಕನ್ನು ಬಾಚಿಡು

ನದೀಮ್,

ಅಮ್ಮಿಯನ್ನು ಕರೆತರಲು ಬೆಳಗಿನ ಬಸ್ಸಿಗೇ ಶಿವಮೊಗ್ಗದ ಆಸ್ಪತ್ರೆಗೆ ಹೊರಟಿದ್ದೇನೆ. ನಾವು ಭದ್ರಾವತಿ ಮುಟ್ಟುವುದರೊಳಗೆ ಅವಳ ಪರ್ಷಿಯನ್ ಬೆಕ್ಕನ್ನು ಬಾಚಿಡು. ಅವಳು ಆಸ್ಪತ್ರೆ ಸೇರಿದ ಮೇಲೆ ಯಾರೂ ಬಾಚದೆ ಹೊಟ್ಟೆಯ ಕೂದಲೆಲ್ಲ ಗಂಟುಗಟ್ಟಿದೆ. "ಬೋಳಿಸಿಬಿಡೋಣ ಆಪಾ" ಅಂತ ಈ ಅಕ್ಕನಿಗೆ ಇನ್ನೊಂದು ಸಲ ಅನ್ನಬೇಡ. ಕೂದಲಿನ ಬುಡವನ್ನು ಬೆರಳಲ್ಲಿ ಹಿಡಿದು ತುದಿಯಿಂದ ಬಿಡಿಸುತ್ತಾ ಬಂದರೆ ಅದಕ್ಕೆ ನೋಯುವುದಿಲ್ಲ. ಪರಚುವ ಜಾತಿಯಲ್ಲ, ಸಿಟ್ಟು ಬಂದರೆ ಮುಖ ತಿರುಗಿಸಿ ಕೂರುತ್ತದೆ, ನಿನ್ನ ಹಾಗೆ.

ನಿನ್ನೆ ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನು ಔಷಧಿ ಕೆಲಸ ಮಾಡಲ್ಲಮ್ಮ, ಮನೇಲೇ ನೋಡ್ಕೊಳ್ಳಿ" ಅಂದರು. ಅಮ್ಮಿಗೆ ಹೇಳಿಲ್ಲ. ವಾಸಿಯಾಗಿ ಮನೆಗೆ ಹೊರಟಿದ್ದೇನೆಂದೇ ನಂಬಿದ್ದಾಳೆ. ನೀನೂ ಅವಳ ಮುಂದೆ ಅಳಬೇಡ.

ಅವಳಿಗೀಗ ಕಣ್ಣು ಸರಿಯಾಗಿ ಕಾಣಿಸುತ್ತಿಲ್ಲ. ಬೆಕ್ಕು ಮಡಿಲೇರಿದಾಗ ಕೈಗೆ ಮೊದಲಿನಂತೆಯೇ ಸಿಗಲಿ.

— ಆಪಾ