ನಾಫಾತಿ ಎಂಬ ದೇವಿ

ಕಾರಿಗ್‌ಬಾನ್, ಮೇಯೊ
ಮೇ ತಿಂಗಳ ಎರಡನೆಯ ಭಾನುವಾರ

ನನ್ನ ಡಿಂಪ್ನಾ,

ಲಕೋಟೆಯ ಮೇಲೆ ನಿನ್ನ ಹಾಡುಗಾರಿಕೆಯ ಹೆಸರು 'ಫಿಯಾ' ಅಂತಲೇ ಬರೆದಿದ್ದೇನೆ, ಇಲ್ಲದಿದ್ದರೆ ನಿನ್ನ ಲಂಡನ್ ಆಫೀಸಿನವರು ಇದನ್ನು ನಿನ್ನ ಕೈಗೆ ಮುಟ್ಟಿಸುವುದಿಲ್ಲ. ಒಳಗೆ ಮಾತ್ರ ಆ ಹೆಸರು ಬರೆಯಲಾರೆ. ಫಿಯಾ ಅಂದರೆ ಜಿಂಕೆ; ಜಿಂಕೆ ಅಂತ ಕರೆಸಿಕೊಳ್ಳಬೇಕೆಂದು ನಿನಗೆ ಆಸೆಯಿದ್ದರೆ ಊರೆಲ್ಲ ಕರೆಯಲಿ. ಹೆತ್ತವಳು ಕರೆಯುವುದಿಲ್ಲ.

ನಾನು ಕ್ಷೇಮ. ಮೊಣಕಾಲು ಮೊದಲಿನ ಹಾಗೇ ಇದೆ. ಹಸು ಮಾತ್ರ ಕ್ಷೇಮವಿರಲಿಲ್ಲ, ಆ ಕಥೆಗೆ ಬರುತ್ತೇನೆ.

ಮೊದಲು ನಿನ್ನ ಆಫೀಸಿನ ಹುಡುಗಿಯ ವಿಷಯ. ಮಂಗಳವಾರ ಫೋನ್ ಮಾಡಿ, ಎಷ್ಟು ನಯವಾಗಿ ಮಾತಾಡಿದಳೆಂದರೆ ಯಾವುದೋ ಬಹುಮಾನ ಬಂದಿದೆ ಅಂದುಕೊಂಡೆ. "ಮುಂದಿನ ವಿಡಿಯೊದಲ್ಲಿ ನೀವೇ ಮುದುಕಿ ದೇವಿ ಆಗ್ಬೇಕಂತೆ, ಫಿಯಾ ಆಸೆಪಟ್ಟಿದ್ದಾರೆ. ಮುಖಕ್ಕೆ ಸ್ವಲ್ಪ ಬೂದಿ, ತಲೆಗೆ ಒಂದು ಜೊತೆ ಕೊಂಬು, ಅಷ್ಟೇ" ಅಂದಳು. ಅಷ್ಟೇ ಅಂತೆ! ಮೂವತ್ತು ವರ್ಷ ಈಸ್ಟರ್ ಹಬ್ಬಕ್ಕೆ ಚರ್ಚಿನ ಹೂ ಜೋಡಿಸಿದವಳಿಗೆ ಕೊಂಬು. "ಕೊಂಬು ಯಾವ ಪ್ರಾಣಿದಮ್ಮಾ?" ಅಂತ ಕೇಳಿದೆ. ಅದು ಆಮೇಲೆ ನಿರ್ಧಾರವಾಗುತ್ತದಂತೆ. ಫೋನ್ ಇಟ್ಟುಬಿಟ್ಟೆ. ಅಮ್ಮನಿಗೆ ಕೊಂಬು ತೊಡಿಸಬೇಕಾದರೆ ಮಗಳೇ ಬಾಯಿಬಿಟ್ಟು ಕೇಳಬೇಕು, ಅದಕ್ಕೂ ಒಬ್ಬಳನ್ನು ಕೆಲಸಕ್ಕಿಟ್ಟುಕೊಂಡಿದ್ದೀಯಲ್ಲ!

ಈಗ, ಹೋದ ಚಳಿಗಾಲದಲ್ಲಿ ನೀನು ಇಲ್ಲಿ ತೆಗೆದ ಆ ವಿಡಿಯೊ. ನಾನು ಕಾಲಿನ ಚಿಕಿತ್ಸೆಗೆ ಗಾಲ್ವೆಯಲ್ಲಿದ್ದ ವಾರವನ್ನೇ ನೋಡಿಕೊಂಡು ಬಂದು, ನಮ್ಮದೇ ಹೊಲದಲ್ಲಿ ತೆಗೆದುಕೊಂಡು ಹೋಗಿದ್ದೀಯ. ನೆರೆಮನೆಯ ಜೂಲಿ ಕ್ರೋಹನ್ ತನ್ನ ಅಡುಗೆಮನೆಯಲ್ಲಿ ಫೋನಿನಲ್ಲಿ ತೋರಿಸಿದಳು. ನಿನ್ನ ತಲೆಯ ಮೇಲೆ ಸಾರಂಗದ ಕೊಂಬು, ಕೆನ್ನೆಯ ಮೇಲೆ ನೀಲಿ ಸುರುಳಿ, ಸುತ್ತ ಬೆಂಕಿ. ಹಳ್ಳದಲ್ಲಿ ಕೂತು ರಕ್ತದ ಅಂಗಿ ಒಗೆಯುತ್ತಿದ್ದೀಯ, ಸಾವಿನ ಮುನ್ಸೂಚನೆ ಕೊಡುವ ಅಗಸಗಿತ್ತಿಯ ಹಾಗೆ. ಮನೆಯಲ್ಲಿದ್ದಾಗ ಒಂದು ಕಾಲುಚೀಲ ಒಗೆದವಳಲ್ಲ. ಬಿಳಿ ಕುದುರೆ ಮಂಜಿನೊಳಗಿಂದ ಬಂದಾಗ ಜೂಲಿ, "ಅಯ್ಯೋ, ಅದು ನಮ್ಮ ಬಿಸ್ಕೆಟ್ ಕಣೇ ಸೋರ್ಖಾ!" ಅಂತ ಕೂಗಿದಳು. ಹೌದು, ಹೋದ ವರ್ಷ ಅಂಚೆಯವನನ್ನು ಒದ್ದ ಅದೇ ಬಿಸ್ಕೆಟ್. ಪರಲೋಕದಿಂದ ಬಂದ ಕುದುರೆಯಂತೆ! ಇಬ್ಬರೂ ನಕ್ಕು ನಕ್ಕು ಕಣ್ಣೊರೆಸಿಕೊಂಡೆವು.

ಆಮೇಲೆ ವಿಡಿಯೊದಲ್ಲಿ ನೀನು ಹಾಡುವುದನ್ನು ನಿಲ್ಲಿಸಿ ಆ ಇನ್ನೊಂದನ್ನು ಶುರುಮಾಡಿದೆ. ಅರ್ಥವಿಲ್ಲದ ಆ ಪದಗಳನ್ನು, ಕಣ್ಣು ಮುಚ್ಚಿಕೊಂಡು.

ನಾನು ಚಹಾ ಕಹಿಯಾಗಿದೆ ಅಂತ ಹೇಳಿ ಎದ್ದು ಮನೆಗೆ ಬಂದೆ. ಜೂಲಿ ತನ್ನ ಚಹಾವನ್ನು ಹಳಿದೆ ಅಂತ ಇವತ್ತಿಗೂ ಮುಖ ಊದಿಸಿಕೊಂಡಿದ್ದಾಳೆ.

ಅದರ ಬಗ್ಗೆ ಪತ್ರಿಕೆಯಲ್ಲಿ ಬಂದದ್ದನ್ನು ಫಾದರ್ ಕ್ಲಿಯರಿ ತಂದುಕೊಟ್ಟರು. ಎರಡು ಸಾವಿರ ವರ್ಷ ಹಳೆಯ ಮಂತ್ರವಂತೆ. ನಾಫಾತಿ ಅನ್ನುವ ಸಮುದ್ರದೇವಿಯನ್ನು ಕರೆಯುವುದಂತೆ. "ಈ ಪದಗಳು ಮಣ್ಣಿನಿಂದ ಎದ್ದು ನನ್ನ ಬಾಯಿಗೆ ಬಂದವು" ಅಂತ ನೀನೇ ಹೇಳಿದ್ದೀಯಂತೆ. ಫಾದರ್ ಆದರೂ ಬೈಯುತ್ತಾರೆ ಅಂತ ನೋಡಿದೆ. "ಹೋಗ್ಲಿ ಬಿಡಿ ಸೋರ್ಖಾ, ನಿಮ್ಮ ಹೊಲದ ಸಂತ ಬ್ರಿಜಿಡಮ್ಮನ ಬಾವಿಗೆ ಇಷ್ಟು ಜನ ನಾನು ಬಂದಾಗಿಂದ ಬಂದಿರಲಿಲ್ಲ" ಅಂದರು. ಈ ಕಾಲದಲ್ಲಿ ಬೈಯುವುದಕ್ಕೆ ಒಬ್ಬ ಪಾದ್ರಿಯೂ ಸಿಗುವುದಿಲ್ಲ.

ಜನ ಬಂದರು ನೋಡು! ಮಾರ್ಚ್‌ನಿಂದ ಬರುತ್ತಲೇ ಇದ್ದಾರೆ. ಬಾವಿಯ ಪಕ್ಕದ ಮುಳ್ಳಿನ ಮರಕ್ಕೆ ಬಟ್ಟೆ ಕಟ್ಟುವುದು ಯಾಕೆ ಅಂತ ನಿನಗೆ ಗೊತ್ತು. ಬಟ್ಟೆ ಮಳೆಗೆ ಕೊಳೆತಂತೆ ಕಾಯಿಲೆಯೂ ಕರಗುತ್ತದೆ. ನಿನ್ನ ಅಭಿಮಾನಿಗಳು ಮಿಂಚುವ ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತಾರೆ. ಅದು ಪ್ರಳಯದವರೆಗೂ ಕೊಳೆಯುವುದಿಲ್ಲ. ಹಾಗಾದರೆ ಅವರ ಕಾಯಿಲೆ ಹೇಗೆ ಹೋಗಬೇಕು? ಅಂಥ ಒಂದು ಪಟ್ಟಿಯನ್ನು ನಮ್ಮ ಹಸು ನುಂಗಿ, ದನದ ಡಾಕ್ಟರು ಭುಜದವರೆಗೆ ಕೈಹಾಕಬೇಕಾಯಿತು. ಯಾವ ದೇವಿಯೂ ಬರಲಿಲ್ಲ ಸಹಾಯಕ್ಕೆ.

ಮೇ ಒಂದನೆಯ ತಾರೀಕು ಬೆಳಿಗ್ಗೆ ಬಾಗಿಲು ತಟ್ಟಿದ ಶಬ್ದ. ತಲೆಗೆ ಸೊಪ್ಪು ಕಟ್ಟಿಕೊಂಡ ಒಬ್ಬ ಗಡ್ಡದವನು, ಕಂಕುಳಲ್ಲಿ ಡೋಲು. ಮೇ ಹಬ್ಬದ ಬೆಂಕಿ ಹೊತ್ತಿಸುವುದಕ್ಕೆ ಬೆಂಕಿಪೊಟ್ಟಣ ಬೇಕಂತೆ. ಮೇ ಮೊದಲ ದಿನ ಮನೆಯಿಂದ ಬೆಂಕಿ ಹೊರಗೆ ಕೊಡುತ್ತಾರೆಯೇ? ಕೊಟ್ಟರೆ ವರ್ಷದ ಬೆಣ್ಣೆಯೆಲ್ಲ ಅದರ ಹಿಂದೆ ಹೋಗುತ್ತದೆ. ಕೊಡುವುದಿಲ್ಲ ಅಂದೆ. ಯಾಕೆ ಅಂದ. ಹೇಳಿದೆ. ಅವನ ಕಣ್ಣು ಲಾಂದ್ರದ ಹಾಗೆ ಅರಳಿತು. "ತಾಯೀ, ನೀವಿನ್ನೂ ಹಳೆಯ ಧರ್ಮ ಪಾಲಿಸ್ತೀರಾ?" ಅಂತ ಕೈಮುಗಿದ. "ನಾನು ಪಾಲಿಸೋದು ಬೆಣ್ಣೆಯನ್ನಪ್ಪಾ" ಅಂತ ಬಾಗಿಲು ಹಾಕಿಕೊಂಡೆ.

ಬೆಂಕಿ ಇನ್ನೆಲ್ಲಿಂದಲೋ ಸಿಕ್ಕಿತು. ಅಡುಗೆಮನೆ ಕಿಟಕಿಯಿಂದ ನೋಡುತ್ತೇನೆ, ಮುಳ್ಳಿನ ಮರದ ಬುಡಕ್ಕೇ ಹಲಗೆಗಳನ್ನು ಪೇರಿಸಿ ಹೊತ್ತಿಸಿದ್ದಾರೆ! ಅಂಥ ಮರ ಕಡಿದವನ ಮನೆಯಲ್ಲಿ ಏನಾಯಿತು, ಯಾರ ಕೈ ಸೊಟ್ಟಗಾಯಿತು ಅನ್ನುವುದನ್ನೆಲ್ಲ ನಾನು ನಂಬುವುದಿಲ್ಲ. ಹಾಗಂತ ಈ ಮರದ ಒಂದು ಕಡ್ಡಿಯನ್ನೂ ಮುರಿದವಳಲ್ಲ. ಎರಡು ಬಕೆಟ್ ನೀರು ಹಿಡಿದು, ಚಪ್ಪಲಿಯಲ್ಲೇ ಓಡಿದೆ, ಈ ಮೊಣಕಾಲಿನಲ್ಲಿ.

ನಾನು ಹೋಗುವಷ್ಟರಲ್ಲಿ ಮರದ ಒಂದು ಪಕ್ಕ ಉರಿಯುತ್ತಿತ್ತು. ಹೂ ಬಿಟ್ಟಿದ್ದ ಪಕ್ಕ. "ಆರಿಸ್ರೋ! ಕಣ್ಣು ಕಾಣಲ್ವೇನ್ರೋ!" ಅಂತ ಕೂಗಿದೆ. ಅವರಿಗೆ ಕೇಳಿಸಲೇ ಇಲ್ಲ. ಅವರು ಕೈಕೈ ಹಿಡಿದು, ಕಣ್ಣು ಮುಚ್ಚಿ, ಮಂದಹಾಸ ಮಾಡುತ್ತಾ ಅದನ್ನು ಹಾಡುತ್ತಿದ್ದರು. ನಿನ್ನ ಮಂತ್ರವನ್ನು. ಇಡೀ ಹೊಲ ತುಂಬುವಷ್ಟು ಜನ.

ಡಿಂಪ್ನಾ, ನಾನು ಬಕೆಟ್ಟಿನ ನೀರನ್ನು ಬೆಂಕಿಗೆ ಹಾಕಲಿಲ್ಲ. ಡೋಲಿನವನ ತಲೆಯ ಮೇಲೆ ಸುರಿದೆ. "ನಿಲ್ಸೋ! ಅದು ನನ್ನ ಗಂಡನಿಗೆ ನಾನು ಅತ್ತಿದ್ದು!" ಅಂದೆ. ಬಾಯಿಂದ ಬಂದೇಬಿಟ್ಟಿತು. ನಿಂತರು ಎಲ್ಲರೂ. ಗಡ್ಡದಿಂದ ನೀರು ಇಳಿಸಿಕೊಳ್ಳುತ್ತಾ ಅವನು ಮೆಲ್ಲಗೆ, "ಆದರೆ... ಇದು ನಾಫಾತಿ ದೇವಿಯದಲ್ವಾ?" ಅಂದ.

"ನಾ ಫಾತಿ ಅಂದ್ರೆ ಆಲೂಗಡ್ಡೆ ಕಣೋ, ನಾನು ಹುಟ್ಟಿದ ದ್ವೀಪದ ಮಾತಲ್ಲಿ! ಎರಡು ಸಾವಿರ ವರ್ಷದ ಹಿಂದೆ ಈ ದೇಶದಲ್ಲಿ ಯಾರಪ್ಪ ಬೆಳೀತಿದ್ದ ಆಲೂಗಡ್ಡೆ!"

ಆಮೇಲೆ ಬೆಂಕಿ ಆರಿಸಿದರು. ಪಾಪ, ಆರಿಸಿದ್ದು ಅವರೇ. ಸಾಲಾಗಿ ನಿಂತು ಬಾವಿಯಿಂದ ನೀರು ದಾಟಿಸಿದರು. ಒಬ್ಬೊಬ್ಬರೇ ತಲೆತಗ್ಗಿಸಿ ಹೊರಟುಹೋದರು.

ಒಬ್ಬಳು ಹೋಗಲಿಲ್ಲ. ಆಂಕೆ ಅಂತ, ಜರ್ಮನಿಯವಳು, ನಿನಗಿಂತ ಚಿಕ್ಕವಳು. ಮರಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಎಲ್ಲವನ್ನೂ ಒಂದೊಂದಾಗಿ ಬಿಚ್ಚಿ ಚೀಲಕ್ಕೆ ತುಂಬಿದಳು. ಮುಳ್ಳು ಗೀರಿ ಕೈಯೆಲ್ಲ ರಕ್ತ. ಬಿಟ್ಟುಬರುವುದಕ್ಕಾಗುತ್ತದೆಯೇ? ಒಳಗೆ ಕರೆದು ಚಹಾ, ಸೋಡಾ ಬ್ರೆಡ್ಡು ಕೊಟ್ಟೆ. ಅವಳು ಬ್ರೆಡ್ಡು ಮುರಿಯುತ್ತಾ, "ಅದರ ಅರ್ಥ ಏನಮ್ಮಾ?" ಅಂದಳು.

ನಿನಗೆ ಹೇಳದೇ ಇದ್ದದ್ದನ್ನು ಅವಳಿಗೆ ಹೇಳಿದೆ. ಈಗ ನಿನಗೂ ಹೇಳುತ್ತೇನೆ. ಕೇಳಿಸಿಕೋ.

ನಿನ್ನಪ್ಪ ಕೋಲ್ಮನ್‌ನ ದೋಣಿಯನ್ನು ಮಗುಚಿದ ಸ್ಥಿತಿಯಲ್ಲಿ ಎಳೆದುತಂದ ದಿನ ನಿನಗೆ ಆರು ವರ್ಷ. ದೋಣಿಕಟ್ಟೆಯ ಮೇಲೆ ನೀನು ಜೂಲಿಯ ಕೈಹಿಡಿದು ನಿಂತಿದ್ದೆ. ಕೋಲ್ಮನ್ ಅದರಲ್ಲಿರಲಿಲ್ಲ. ನನ್ನ ದ್ವೀಪದಲ್ಲಿ ನನ್ನಜ್ಜಿ ಸತ್ತವರನ್ನು ಹಾಡಿಕೊಂಡು ಅಳುತ್ತಿದ್ದಳು. ಅದು ನನಗೆ ಬರುತ್ತದೆ ಅಂತ ಆ ಗಳಿಗೆಯವರೆಗೂ ನನಗೆ ಗೊತ್ತಿರಲಿಲ್ಲ. ಬಾಯಿ ತೆರೆದರೆ ಅದೇ ಬಂತು, ಇಲ್ಲಿ ಯಾರಿಗೂ ತಿಳಿಯದ ನನ್ನ ತವರುಮಾತಿನಲ್ಲಿ. ಎಲ್ಲರೂ ನೆಲ ನೋಡಿದರು. ಆಗಿನ ಪಾದ್ರಿ ಬಂದು ನನ್ನ ಭುಜ ಹಿಡಿದು, "ಸಾಕು, ಸಾಕು, ಮನೆಗೆ ನಡೀರಿ. ಜನ ಏನಂದ್ಕೋತಾರೆ" ಅಂದರು. ಹುಚ್ಚಿಯ ಹಾಗೆ ಕಂಡಿರಬೇಕು. ಆಮೇಲೆ ಆ ಭಾಷೆಯನ್ನೇ ಈ ಮನೆಯಲ್ಲಿ ಆಡಲಿಲ್ಲ ನಾನು.

ಅದು ಮಂತ್ರವಲ್ಲ ಮಗಳೇ. ನಿನ್ನಪ್ಪನಿಗೆ ಬೈದ ಬೈಗುಳ. ಗಾಳಿ ತಿರುಗಿದೆ ಅಂದೆ, ಹೋಗಬೇಡ ಅಂದೆ, ನನ್ನ ಮಾತು ಎಂದಾದರೂ ಕೇಳಿದ್ದೀಯಾ. ಒಲೆಯ ಪಕ್ಕ ನಿನ್ನ ಬೂಟು ಒಣಗಿದೆ, ತೊಡುವ ಕಾಲೆಲ್ಲಿ. ಆಲೂಗಡ್ಡೆ ಬೆಂದು ಹಿಟ್ಟಾಗಿದೆ, ಯಾರಿಗೆ ಬಡಿಸಲಿ, ಮೂಢಾ, ನನ್ನ ಬಂಗಾರದಂಥ ಮೂಢಾ. ಇಷ್ಟೇ. ನಿನ್ನ ಆರು ವರ್ಷದ ಕಿವಿ ಅದನ್ನು ಹಿಡಿದಿಟ್ಟುಕೊಂಡು, ಪದಗಳನ್ನು ಅರೆದು ಮುದ್ದೆ ಮಾಡಿ, ಲೋಕಕ್ಕೆಲ್ಲ ಕೇಳಿಸಿಬಿಟ್ಟಿದೆ.

ಆಂಕೆ ಆಲೂಗಡ್ಡೆಯ ಸಾಲಿಗೆ ನಕ್ಕಳು. ನಗು ನಿಲ್ಲಲಿಲ್ಲ, ಆಮೇಲೆ ಅದು ನಗುವಾಗಿ ಉಳಿಯಲೂ ಇಲ್ಲ. ಅವಳ ಅಣ್ಣ ಬೈಕಿನಿಂದ ಬಿದ್ದು ತೀರಿಹೋದನಂತೆ. ಮಣ್ಣುಮಾಡುವಾಗಲೂ ಅಳು ಬರಲಿಲ್ಲವಂತೆ. "ಹೆಲ್ಮೆಟ್ ಹಾಕ್ಕೋ ಅಂದಿದ್ದೆ. ಅವತ್ತು ಬೆಳಿಗ್ಗೆನೂ ಅಂದಿದ್ದೆ ಅವನಿಗೆ" ಅಂತ ಮೇಜಿನ ಮೇಲೆ ತಲೆಯಿಟ್ಟಳು. "ಬೈಯಮ್ಮಾ, ಚೆನ್ನಾಗಿ ಬೈ. ನಿನ್ನ ಭಾಷೇಲೇ ಬೈ" ಅಂದೆ. ಬೈದಳು. ನನಗೆ ಒಂದು ಪದವೂ ತಿಳಿಯಲಿಲ್ಲ, ಎಲ್ಲವೂ ಅರ್ಥವಾಯಿತು.

ಅವಳು ಹೋದ ಮೇಲಿಂದ ಯೋಚಿಸುತ್ತಿದ್ದೇನೆ. ಆ ದಿನ ನಿನಗೆ ನೆನಪಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನೆನಪಿದ್ದೂ ಮಣ್ಣಿನ ಹೆಸರು ಹೇಳಿದ್ದರೆ ನಿನ್ನ ಕೆನ್ನೆಯ ಆ ನೀಲಿ ಸುರುಳಿಯ ಮೇಲೇ ಒಂದು ಬಿಗಿಯಬೇಕು ಅನ್ನಿಸುತ್ತದೆ. ನೆನಪೇ ಇಲ್ಲದೆ, ಎಲ್ಲಿಂದ ಬಂತೆಂದು ತಿಳಿಯದೆ, ಇಷ್ಟು ವರ್ಷ ಅದನ್ನು ಒಬ್ಬಳೇ ಹೊತ್ತುಕೊಂಡು ಓಡಾಡಿದ್ದರೆ, ಆಗ ನಾನು ಏನು ಹೇಳಲಿ.

ಹಾಡನ್ನು ತೆಗೆದುಹಾಕು ಅನ್ನುವುದಿಲ್ಲ. ಆಂಕೆಯನ್ನು ನೋಡಿದ ಮೇಲೆ ಹಾಗೆ ಅನ್ನಲಾರೆ. ಆದರೆ ಅದು ಯಾರದು ಅಂತ ಹೇಳು. ದೇವಿಯದಲ್ಲ, ಮಣ್ಣಿನದಲ್ಲ. ಕಾರಿಗ್‌ಬಾನಿನ ಕೋಲ್ಮನ್ ಗೆರಹ್ಟಿ ಅನ್ನುವ, ಮಾತು ಕೇಳದ ಒಬ್ಬ ಮೀನುಗಾರನದು. ಅವನಿಗೆ ಗೋರಿಯಿಲ್ಲ. ಅವನ ಹೆಸರನ್ನು ಒಂದು ಸಲ ಗಟ್ಟಿಯಾಗಿ ಹೇಳು, ಅಷ್ಟು ಜನರ ಮುಂದೆ. ಆಮೇಲೆ ಎಷ್ಟು ಕೊಂಬು ಬೇಕಾದರೂ ಕಟ್ಟಿಕೋ.

ಮುದುಕಿ ದೇವಿ ನಾನಾಗುವುದಿಲ್ಲ. ಜೂಲಿಯನ್ನು ಕೇಳು, ಅವಳಿಗೆ ಬೂದಿ ಬಳಿಯುವ ಅಗತ್ಯವೂ ಇಲ್ಲ. ಇದನ್ನು ಅವಳಿಗೆ ಹೇಳಬೇಡ.

ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿಯದ,
ನಿನ್ನ ಅಮ್ಮ
ಸೋರ್ಖಾ

ಮತ್ತೆ: ನಿನ್ನ ಹಾಡು ಕೊನೆಗೆ ಒಂದು ಕಿರುಚಾಟದಲ್ಲಿ, ಡೋಲಿನ ಗದ್ದಲದಲ್ಲಿ ಮುಗಿಯುತ್ತದೆ. ದೋಣಿಕಟ್ಟೆಯಲ್ಲಿ ನಾನು ಕಿರುಚಲಿಲ್ಲ. ಅಷ್ಟರಲ್ಲಿ ಜೂಲಿ ನಿನ್ನನ್ನು ಎತ್ತಿಕೊಂಡು ಹೋಗಿದ್ದಳು, ಅದಕ್ಕೇ ಕೊನೆಯ ಸಾಲು ನಿನಗೆ ತಿಳಿಯದು. 'ನಿನ್ನ ಕಂಠವನ್ನು ಈ ಹುಡುಗಿಗೆ ಕೊಟ್ಟು ಹೋದೆಯಲ್ಲ, ಇವಳು ಹಾಡಿದಾಗೆಲ್ಲ ನಾನು ಎಲ್ಲಿಗೆ ಹೋಗಲಿ.' ಹಟ್ಟಿಗೆ ಹೋಗುತ್ತಿದ್ದೆ, ಡಿಂಪ್ನಾ. ಚಿಕ್ಕಂದಿನಲ್ಲಿ ನೀನು ಹಾಡಲು ಶುರುಮಾಡಿದಾಗೆಲ್ಲ ನಾನು ಎದ್ದುಹೋಗುತ್ತಿದ್ದದ್ದು ಹಟ್ಟಿಗೆ, ಹಸುವಿನ ಪಕ್ಕೆಗೆ ಹಣೆಯಿಟ್ಟು ಕೇಳಿಸಿಕೊಳ್ಳುವುದಕ್ಕೆ. ಆ ಸಾಲಿನ ರಾಗವನ್ನು ಕಾಗದದ ಮೇಲೆ ಬರೆಯಲು ನನಗೆ ಬರುವುದಿಲ್ಲ. ಬೇಕಿದ್ದರೆ ನೀನೇ ಬಾ.