ಪೃಥ್ವಿ ಯಾರ ಕಡೆಗಿದ್ದ?

ಬಂದರ್, ಮಂಗಳೂರು
10 ನವೆಂಬರ್ 2025, ಸೋಮವಾರ

ಪ್ರೀತಿಯ ದೀಪೇಶನಿಗೆ,

ಲೋಕು ಮಾಮನ ಆಶೀರ್ವಾದಗಳು. ಇಲ್ಲಿ ನಾವು ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೆ ಇದ್ದೇವೆ ಎಂದು ಬರೆದೆ. ನೀನು ಅಲ್ಲಿ ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀ ಎಂದು ನಂಬಿದ್ದೇನೆ.

ಆಟಿ ತಿಂಗಳ ಮಳೆಯಲ್ಲಿ ಸೌದಿಗೆ ಹೋದ ನಿನಗೆ ಈಗ ಬರೆಯುತ್ತಿದ್ದೇನೆ. ತಡವಾಯಿತು, ಬೇಸರಿಸಬೇಡ. ಕಾಗದ ಬರೆಯುವ ಅಭ್ಯಾಸವೇ ತಪ್ಪಿಹೋಗಿದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜು ಕಳಿಸಿದರೆ ನೀಲಿ ಟಿಕ್ ಬೀಳುತ್ತದೆ, ಉತ್ತರ ಬರುವುದಿಲ್ಲ. ಮೆಣಸಿನ ಗೋದಾಮಿನ ನೂರ್ ಮುಹಮ್ಮದರ ಅಳಿಯ ರಜೆ ಮುಗಿಸಿ ಶುಕ್ರವಾರ ಜುಬೈಲಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಕೊಟ್ಟರೆ ನಿನ್ನ ರೂಮಿಗೇ ಬಂದು ಮುಟ್ಟಿಸುತ್ತಾನಂತೆ. ನಿನ್ನ ಉಮಾವತಿ ಮಾಮಿ, "ಫೋನಾದ್ರೆ ಕಟ್ ಮಾಡ್ತಾನೆ, ಕೈಯಲ್ಲಿ ಕೊಟ್ಟ ಕಾಗದವನ್ನು ಎಂತ ಮಾಡ್ತಾನೆ? ಬರೀರಿ ನೀವು" ಎಂದು ನೋಟ್‌ಬುಕ್ಕಿನ ಹಾಳೆ ಹರಿದು ಕೈಗೆ ಕೊಟ್ಟಳು. ಅವಳ ಮಾತಿಗೆ ಕೂತಿದ್ದೇನೆ.

ಮೊದಲು ನಿನ್ನ ಮನೆಯ ಸುದ್ದಿ. ನಿನ್ನ ಅಪ್ಪ ಗುರುವಪ್ಪಣ್ಣ ಆರೋಗ್ಯವಾಗಿದ್ದಾರೆ. ಆದರೆ ನನ್ನ ಹೋಟೆಲಿಗೆ ಬರುವುದನ್ನು ಬಿಟ್ಟಿದ್ದಾರೆ. ಮೊದಲೆಲ್ಲ ಬೆಳಿಗ್ಗೆ ಮೀನು ತೆಗೆದುಕೊಂಡು ಹೋಗುವಾಗ ಚೀಲವನ್ನು ನಾನು ದುಡ್ಡು ತೆಗೆದುಕೊಳ್ಳುವ ಗಲ್ಲದ ಪಕ್ಕದಲ್ಲಿಟ್ಟು, ಒಂದು ಚಾ ಕುಡಿದು, ನನ್ನ ಪೇಪರನ್ನು ನನಗಿಂತ ಮೊದಲೇ ಓದಿ ಹೋಗುತ್ತಿದ್ದವರು. ಈಗ ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ. ಒಂದು ದಿನ ನಾನೇ ಓಡಿಹೋಗಿ ಕೈ ಹಿಡಿದೆ. "ನಿಮ್ಮ ಎದುರು ನಿಲ್ಲಲಿಕ್ಕೆ ನನಗೆ ಮುಖ ಇಲ್ಲ ಲೋಕನಾಥಣ್ಣ" ಎಂದರು. ಕೈ ಬಿಟ್ಟೆ.

ನಿನ್ನ ಅಮ್ಮ ಬಾಗಿ ನಮ್ಮ ಮನೆಗೆ ಬಂದಿದ್ದರು, ಅಷ್ಟಮಿ ಕಳೆದ ಮೇಲೆ. ಬಂದವರು ಕೂರಲಿಲ್ಲ, ಉಮಾವತಿಯ ಕಾಲು ಹಿಡಿದುಕೊಂಡರು. ಉಮಾವತಿ ಅವರನ್ನು ಎತ್ತಿ ನಿಲ್ಲಿಸಿ, "ಇದೆಂತ ನೀನು ಮಾಡುದು ಬಾಗಿ? ಒಬ್ಬ ಹೋದ್ದು ಸಾಲದಾ? ಇನ್ನೊಬ್ಬನನ್ನು ನಾವೇ ಕಳಕೊಳ್ಳುದಾ? ಅವನನ್ನು ಊರಿಗೆ ಕರೆಸು" ಎಂದಳು. ಇಬ್ಬರೂ ಅಡಿಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಅತ್ತರು. ನಾನು ಹೊರಗೆ ಜಗಲಿಯಲ್ಲಿದ್ದೆ.

ಇಷ್ಟು ಬರೆದಲ್ಲಿಗೆ ಮಧ್ಯಾಹ್ನದ ಊಟದ ರಶ್ ಶುರುವಾಯಿತು. ಈಗ ಎಲ್ಲ ಮುಗಿದಿದೆ. ಸಪ್ಲೈಯರುಗಳು ಊಟಕ್ಕೆ ಕೂತಿದ್ದಾರೆ. ಗಲ್ಲದಲ್ಲಿ ಕೂತೇ ಮುಂದುವರಿಸುತ್ತಿದ್ದೇನೆ.

ದೀಪೇಶ, ನಿನ್ನಿಂದ ನನಗೊಂದು ವಿಷಯ ಗೊತ್ತಾಗಬೇಕು. ಅದನ್ನು ಕೇಳುವ ಮೊದಲು ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ನೀನು ಅಲ್ಲಿ ಇದ್ದವನು, ನಾನು ಬರೀ ಕೇಳಿದವನು. ತಪ್ಪಿದ್ದರೆ ತಿದ್ದು.

ಅದು ಮಾರ್ಚ್ ಕೊನೆ. ಅಮೆರಿಕದ ಜಾರ್ಜ್ ಫೋರ್‌ಮನ್ ಎಂಬ ಬಾಕ್ಸರ್ ತೀರಿಹೋದ ಸುದ್ದಿ ಬಂದ ವಾರ. ನೂರ್ ಮುಹಮ್ಮದರ ಒಣಮೆಣಸಿನ ಗೋದಾಮಿನ ಮಾಳಿಗೆಯಲ್ಲಿ ನೀವು ಬಾಕ್ಸಿಂಗ್ ಪ್ರಾಕ್ಟೀಸ್ ಮಾಡುವ ಜಾಗದಲ್ಲಿ ಸಂಜೆ ನಾಲ್ವರು ಇದ್ದಿರಿ. ನೀನು, ನಮ್ಮ ಪೃಥ್ವಿ, ಶೆರ್ವಿನ್, ಮತ್ತೆ ನಿಮಗೆ ಕಲಿಸುತ್ತಿದ್ದ ನೂರ್ ಮುಹಮ್ಮದರು. ಸತ್ತವನ ಮಾತು ಬಂದು, ಹೆವಿವೈಟ್‌ಗಳಲ್ಲಿ ಅತಿ ಗಟ್ಟಿ ಏಟು ಯಾರದ್ದು ಎಂದು ಚರ್ಚೆ ಹತ್ತಿತು. ಫೋರ್‌ಮನ್ನನದ್ದೇ ಎಂದು ಒಬ್ಬರು, ಅಲ್ಲ, ಅರ್ನಿ ಶೇವರ್ಸ್‌ನದ್ದು ಎಂದು ಇನ್ನೊಬ್ಬರು. ಶೆರ್ವಿನ್ ಟೈಸನ್ ಎಂದದ್ದಕ್ಕೆ ಎಲ್ಲರೂ ನಕ್ಕಿರಂತೆ. ನೂರ್ ಮುಹಮ್ಮದರು ನನಗೆ ವ್ಯತ್ಯಾಸ ವಿವರಿಸಿದ್ದು ಹೀಗೆ: "ಫೋರ್‌ಮನ್‌ದು ನಂತೂರು ಇಳಿಜಾರಲ್ಲಿ ಬ್ರೇಕ್ ಫೇಲಾದ ಲಾರಿ, ಲೋಕನಾಥ್ರೆ. ತಳ್ಳಿಕೊಂಡೇ ಹೋಗ್ತದೆ. ಶೇವರ್ಸ್‌ದು ಗರ್ನಾಲು ಪಟಾಕಿ. ಬಂದದ್ದೇ ಗೊತ್ತಾಗುದಿಲ್ಲ, ಒಳಗೆ ಹೋಗಿ ಒಡೀತದೆ."

ಆ ಎರಡು ಏಟುಗಳ ನಡುವಿನ ವ್ಯತ್ಯಾಸ ತೋರಿಸಲಿಕ್ಕೆ ಪೃಥ್ವಿ ಕೈಯ ಪ್ಯಾಡನ್ನು ಎದೆಗೆ ಒತ್ತಿ ಹಿಡಿದು ನಿನ್ನ ಎದುರು ನಿಂತ. ನೀನು ಬೇಡ ಎಂದಿ. ಅವನು, "ಹೊಡಿ ಮಾರಾಯ, ಎಂತ ಹೆದರುದು? ಜಿಲ್ಲಾ ಚಾಂಪಿಯನ್ ಅಂತೆ!" ಎಂದ. ಮೊದಲನೆಯದನ್ನು ಲಾರಿಯ ಹಾಗೆ ಹೊಡೆದಿ. ಅವನು ಎರಡು ಹೆಜ್ಜೆ ಹಿಂದೆ ಹೋಗಿ ನಕ್ಕ. ಎರಡನೆಯದನ್ನು ಮೆಲ್ಲನೆ, ಗಿಡ್ಡಕ್ಕೆ ಹೊಡೆದಿಯಂತೆ. ಅವನು ಕೂತ. ಆಮೇಲೆ ಮಲಗಿದ.

"ನಾಟಕ ಬೇಡ ಪೃಥ್ವಿ, ಏಳು" ಎಂದಿಯಂತೆ ನೀನು. ಎಲ್ಲರೂ ಹಾಗೆಯೇ ಅಂದುಕೊಂಡದ್ದು. ಚಿಕ್ಕಂದಿನಿಂದಲೂ ಅವನಿಗೆ ಸತ್ತ ಹಾಗೆ ಬೀಳುವ ಚಾಳಿ ಇತ್ತಲ್ಲ.

ಫಳ್ನೀರಿನ ಆಸ್ಪತ್ರೆಗೆ ರಿಕ್ಷಾದಲ್ಲಿ ಹೋಗುವಾಗ ಅವನ ತಲೆ ನಿನ್ನ ಮಡಿಲಲ್ಲಿತ್ತು ಎಂದು ಶೆರ್ವಿನ್ ಹೇಳಿದ. ಅವನು ಪೃಥ್ವಿಯ ಎದೆ ಒತ್ತುತ್ತಿದ್ದನಂತೆ, ನೀನು ಹೆಸರು ಕರೆಯುತ್ತಿದ್ದಿಯಂತೆ. ಉಮಾವತಿಗೆ ಅದೊಂದು ಸಮಾಧಾನ. "ಮಡಿಲಲ್ಲಿ ಇದ್ದನಲ್ಲ" ಎನ್ನುತ್ತಾಳೆ.

ಆಮೇಲೆ ನಾನು ಡಾಕ್ಟರನ್ನು ಒಬ್ಬನೇ ಹೋಗಿ ಕಂಡೆ. ನಿನಗೆ ಇದನ್ನು ಹೇಳಿರಲಿಲ್ಲ. "ಎಷ್ಟು ಗಟ್ಟಿ ಬಿದ್ದಿರಬೇಕು ಡಾಕ್ಟ್ರೆ?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಗಟ್ಟಿ ಇರ್ಬೇಕು ಅಂತಲೇ ಇಲ್ಲ ಶೆಟ್ರೆ. ಕ್ರಿಕೆಟ್ ಬಾಲ್ ಬಿದ್ದರೂ ಆಗ್ತದೆ. ಹೃದಯದ ಒಂದು ಬಡಿತಕ್ಕೂ ಮತ್ತೊಂದಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟೂ ಇಲ್ಲದ ಒಂದು ಗಳಿಗೆ ಉಂಟು. ಸರಿಯಾಗಿ ಅದರಲ್ಲೇ ಬಿದ್ದರೆ ತಾಳ ತಪ್ಪಿ ಹೋಗ್ತದೆ. ಹೃದಯದಲ್ಲಿ ಬೇರೆ ದೋಷ ಎಂತದ್ದೂ ಇರಲಿಲ್ಲ." ನಾನು ಮೆಟ್ಟಿಲಿಳಿದು ಬಂದು ರಸ್ತೆಯ ಬದಿಯಲ್ಲಿ ನಿಂತೆ. ಯಾವ ಬಸ್ಸು ಹತ್ತಬೇಕೆಂದೇ ನೆನಪಾಗಲಿಲ್ಲ. ಬೆಟ್ಟದಂಥ ಏಟು ಬಿದ್ದು ಸತ್ತಿದ್ದರೆ ಒಂದು ರೀತಿಯಲ್ಲಿ ಅರ್ಥವಾಗುತ್ತಿತ್ತೇನೋ. ನನ್ನ ಮಗ ಅಷ್ಟು ದೊಡ್ಡ ಆಳು. ಮಂಡಿಯಿಂದ ಅಕ್ಕಿ ಮೂಟೆಯನ್ನು ಒಬ್ಬನೇ ಹೊತ್ತು ತರುತ್ತಿದ್ದವನು. ಅವನು ಹೋಗಲಿಕ್ಕೆ ಒಂದು ದೊಡ್ಡ ಕಾರಣವೂ ಇಲ್ಲದೆ ಹೋಯಿತು.

ಪೊಲೀಸರು ಬಂದಾಗ, ಆಟ ಆಡುವಾಗ ಆದದ್ದು, ನಮಗೆ ಯಾರ ಮೇಲೂ ದೂರಿಲ್ಲ ಎಂದು ನಾನೂ ಉಮಾವತಿಯೂ ಬರೆದುಕೊಟ್ಟದ್ದು ನಿನಗೆ ಗೊತ್ತೇ ಇದೆ. ಉತ್ತರಕ್ರಿಯೆಯ ಬೊಜ್ಜದ ದಿನ ನೀನು ಗೇಟಿನ ಹೊರಗೆ ನಿಂತಿದ್ದಿ. ನಾನೇ ಬಂದು ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದೆ. ಊರಿನವರು ಈಗಲೂ ಅದನ್ನು ಹೇಳುತ್ತಾರೆ. "ಲೋಕನಾಥ ಶೆಟ್ರಂಥ ಮನುಷ್ಯ ಇಲ್ಲ" ಎನ್ನುತ್ತಾರೆ.

ಈಗ ನಾನು ಕೇಳಬೇಕಾದದ್ದು. ಪೃಥ್ವಿ ಯಾರ ಕಡೆಗಿದ್ದ?

ನೂರ್ ಮುಹಮ್ಮದರು ಹೇಳುತ್ತಾರೆ, ಅವನು ಫೋರ್‌ಮನ್ ಕಡೆ, ಸತ್ತು ವಾರ ಆಗದವನನ್ನು ಕಮ್ಮಿ ಎಂದರೆ ಅವನಿಗೆ ಸಿಟ್ಟೇ ಬಂತು ಎಂದು. ಶೆರ್ವಿನ್ ಹೇಳುತ್ತಾನೆ, ಅಲ್ಲವೇ ಅಲ್ಲ, ಫೋರ್‌ಮನ್ ದೀಪೇಶನ ದೇವರು, ಅವನನ್ನು ಕೆಣಕಲಿಕ್ಕೇ ಪೃಥ್ವಿ ಶೇವರ್ಸ್ ಶೇವರ್ಸ್ ಎಂದು ಕೂಗುತ್ತಿದ್ದ ಎಂದು. ಇಬ್ಬರೂ ಆಣೆ ಹಾಕುತ್ತಾರೆ. ನನ್ನ ಮಗನ ಕೊನೆಯ ಮಾತುಕತೆ ಆ ಚರ್ಚೆ. ಅದರಲ್ಲಿ ಅವನು ಏನು ಹೇಳಿದ ಎಂದು ನನಗೆ ಗೊತ್ತಿಲ್ಲ.

ಬಾಕ್ಸಿಂಗ್ ಎಂದರೆ ನನಗೆ ಏನೂ ತಿಳಿದಿರಲಿಲ್ಲ. ಈಗ ಗಲ್ಲದಲ್ಲಿ ಕೂತು ಕಿವಿಗೆ ವೈರು ಸಿಕ್ಕಿಸಿಕೊಂಡು ಫೋನಿನಲ್ಲಿ ಅದನ್ನೇ ನೋಡುತ್ತೇನೆ. ಗಿರಾಕಿಗಳು ದುಡ್ಡು ಹಿಡಿದುಕೊಂಡು ನಿಂತದ್ದೂ ತಿಳಿಯುವುದಿಲ್ಲ. ಶೇವರ್ಸ್ ಹೊಡೆದಾಗ ಆಫ್ರಿಕದಲ್ಲಿರುವ ನನ್ನ ನೆಂಟರೂ ಅಲ್ಲಾಡಿದರು ಎಂದು ಬಾಕ್ಸರ್ ಅಲಿ ಹೇಳಿದ್ದನಂತೆ. ಅದು ಪೃಥ್ವಿಗೆ ಹಿಡಿಸುವ ಮಾತು. ಹಾಗಾದರೆ ಶೇವರ್ಸ್ ಕಡೆಯೇ ಇದ್ದಿರಬೇಕು ಎನಿಸುತ್ತದೆ. ಮರುದಿನ, ಫೋರ್‌ಮನ್ ನಲವತ್ತೈದರ ಪ್ರಾಯದಲ್ಲಿ ಹೊಟ್ಟೆ ಬಿಟ್ಟುಕೊಂಡು ಬಂದು ಪುನಃ ಚಾಂಪಿಯನ್ ಆದದ್ದನ್ನು ನೋಡುತ್ತೇನೆ. ಅದೂ ಅವನಿಗೆ ಹಿಡಿಸುವಂಥದ್ದೇ. ಫೋರ್‌ಮನ್ ಫ್ರೇಜಿಯರನನ್ನು ಆರು ಸಲ ಬೀಳಿಸಿದ. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ. ನಾನು ನೋಡುವುದು ಏಟನ್ನಲ್ಲ ದೀಪೇಶ. ಫ್ರೇಜಿಯರ್ ಆರು ಸಲವೂ ಏಳುತ್ತಾನೆ. ಒಮ್ಮೆ ಏಟಿಗೆ ಕಾಲು ನೆಲ ಬಿಟ್ಟು ಮೇಲೆ ಹೋಗುತ್ತದೆ, ಆದರೂ ಏಳುತ್ತಾನೆ. ಲೋಕದ ಅತಿ ಗಟ್ಟಿ ಏಟು ತಿಂದವರೆಲ್ಲ ಎದ್ದು ಮನೆಗೆ ಹೋಗಿ ಉಂಡಿದ್ದಾರೆ.

ಮಧ್ಯಾಹ್ನ ನೂರ್ ಮುಹಮ್ಮದರು ಬಂದು ಕೂರುತ್ತಾರೆ. ಮಾಳಿಗೆಗೆ ಬೀಗ ಹಾಕಿದ್ದಾರೆ, ಯಾರಿಗೂ ಕಲಿಸುತ್ತಿಲ್ಲ. ಅವರು ಫೋರ್‌ಮನ್ ಎಂದರೆ ನಾನು ಶೇವರ್ಸ್ ಎನ್ನುತ್ತೇನೆ. ಅವರು ಸೋತು ಶೇವರ್ಸ್ ಎಂದರೆ ನಾನು ಫೋರ್‌ಮನ್ ಕಡೆಗೆ ಬರುತ್ತೇನೆ. ಮೊನ್ನೆ ನನ್ನ ಸ್ವರ ಏರಿತು ಎಂದು ಕಾಣುತ್ತದೆ. ಊಟ ಮಾಡುತ್ತಿದ್ದವರು ತಿರುಗಿ ನೋಡಿದರು. ಅವರು ಚಾದ ಗ್ಲಾಸನ್ನು ಕೆಳಗಿಟ್ಟು, "ಸಾಕು ಲೋಕನಾಥ್ರೆ. ಯಾರದ್ದಾದ್ರೂ ಆಗ್ಲಿ. ನನ್ನಿಂದ ಆಗುದಿಲ್ಲ" ಎಂದು ಎದ್ದುಹೋದರು. ಆಮೇಲೆ ಬಂದಿಲ್ಲ. ಅಳಿಯನ ಸುದ್ದಿಯನ್ನೂ ಫೋನಿನಲ್ಲೇ ಹೇಳಿದ್ದು.

ಉಮಾವತಿಯ ಒಂದು ವಿಷಯ ಬರೆಯಬೇಕು. ದೀಪಾವಳಿಗೆ ಮೊದಲು ಅವಳು ಆ ಜಾಗ ನೋಡಬೇಕೆಂದು ಹಟ ಹಿಡಿದಳು. ನೂರ್ ಮುಹಮ್ಮದರು ಬೀಗ ತೆಗೆದರು, ಶೆರ್ವಿನನೂ ಬಂದಿದ್ದ. ಮೆಣಸಿನ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು, ಯಾರು ಅಳುತ್ತಿದ್ದಾರೆ ಯಾರು ಇಲ್ಲ ಎಂದು ತಿಳಿಯುವಂತಿರಲಿಲ್ಲ. ಅವಳು ನೆಲ ನೋಡಿದಳು. ಮೊಳೆಯಲ್ಲಿ ನೇತಾಡುತ್ತಿದ್ದ ಪ್ಯಾಡನ್ನು ತೆಗೆದು ಹಿಚುಕಿದಳು.

"ಇದಾ? ಇಷ್ಟು ದಪ್ಪ ಉಂಟಲ್ಲ!"

"ಹೌದು ಆಂಟಿ" ಎಂದ ಶೆರ್ವಿನ್.

ಅವಳು ಅದನ್ನು ತನ್ನ ಎದೆಗೆ ಒತ್ತಿ ಹಿಡಿದು ಅವನ ಎದುರು ನಿಂತಳು. "ಹೊಡಿ ಮಗಾ. ಅವತ್ತು ದೀಪು ಹೊಡೆದ ಹಾಗೆಯೇ, ಅಷ್ಟೇ ಹೊಡಿ. ಎಷ್ಟು ನೋವಾಯ್ತು ಅಂತ ನನಗೊಮ್ಮೆ ಗೊತ್ತಾಗ್ಲಿ."

ಶೆರ್ವಿನ್ ಕೈ ಮುಗಿದ. "ಬೇಡ ಆಂಟಿ, ಪ್ಲೀಸ್" ಎಂದ. ಅವಳು ಬಿಡಲಿಲ್ಲ. "ನನಗೆ ಎಂತ ಆಗ್ತದೆ? ಆದ್ರೂ ಎಂತ? ಹೊಡಿ ಅಂದೆನಲ್ಲ!" ಅವನು ಮೆಟ್ಟಿಲಿಳಿದು ಓಡಿದ. ಅವಳು ಪ್ಯಾಡ್ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. ನಾನು ಗೋಡೆ ನೋಡಿದೆ. ಕೊನೆಗೆ ನೂರ್ ಮುಹಮ್ಮದರೇ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದನ್ನು ತೆಗೆದರು.

ಅಂದಿನಿಂದ ಅವಳು ನಿನ್ನದೊಂದೇ ಮಾತು ಆಡುವುದು. ಅಲ್ಲಿ ಒಬ್ಬನೇ ಎಂತ ಮಾಡಿಕೊಳ್ತಾನೋ, ಉಣ್ತಾನೋ ಇಲ್ವೋ, ಆ ಕೈಯನ್ನು ಎಂತ ಮಾಡಿಕೊಳ್ತಾನೋ ಎಂದು ಹೆದರುತ್ತಾಳೆ. ಆದ್ದರಿಂದ ಕೇಳು ಮಗಾ: ನಿನ್ನ ಮೇಲೆ ನಮಗೆ ಕೋಪವಿಲ್ಲ. ಡಾಕ್ಟರು ಹೇಳಿದ್ದನ್ನು ನೀನೂ ತಿಳಿದುಕೋ. ನಿನ್ನ ಕೈಯಲ್ಲಿ ತಪ್ಪಿರಲಿಲ್ಲ. ರಜೆ ಸಿಕ್ಕಿದ ಕೂಡಲೇ ಊರಿಗೆ ಬಾ. ಮೊದಲು ನಿನ್ನ ಅಪ್ಪ ಅಮ್ಮನಿಗೆ ಮುಖ ತೋರಿಸು, ಆಮೇಲೆ ನಮ್ಮ ಮನೆಗೆ ಬಾ. ಉಮಾವತಿ ಬಂಗುಡೆ ಮೀನಿನ ಪುಳಿಮುಂಚಿ ಮಾಡಿ ಬಡಿಸುತ್ತಾಳಂತೆ, ಹಾಗೆಂದು ಬರೆಯಲು ಹೇಳಿದ್ದಾಳೆ.

ನಾನು ಕೇಳಿದ್ದಕ್ಕೆ ಎರಡೇ ಅಕ್ಷರ ಬರೆದು ಕಳಿಸು. ಫೋರ್‌ಮನ್ನೋ ಶೇವರ್ಸೋ ಅಷ್ಟೇ ಸಾಕು.

ದೇವರು ನಿನ್ನನ್ನು ಕಾಯಲಿ. ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೋ, ನೀರು ಹೆಚ್ಚು ಕುಡಿ. ನಿನಗೆ ದೀರ್ಘಾಯುಷ್ಯವಾಗಲಿ.

ಇತಿ ನಿನ್ನ
ಲೋಕು ಮಾಮ

ಮರೆತದ್ದು: ಇಲ್ಲಿಯವರೆಗಿನದ್ದನ್ನು ಮನೆಗೆ ತಂದು ಉಮಾವತಿಗೆ ಓದಿ ಹೇಳಿದೆ. ಮಾಳಿಗೆಯದ್ದನ್ನು ಬಿಟ್ಟು ಓದಿದೆ. ಬಾ ಎಂದು ಬರೆದದ್ದನ್ನು ಎರಡು ಸಲ ಓದಿಸಿಕೊಂಡು, ಕಣ್ಣೊರೆಸಿಕೊಂಡು ದೇವರಿಗೆ ದೀಪ ಹಚ್ಚಲು ಒಳಗೆ ಹೋಗಿದ್ದಾಳೆ.

ದೀಪೇಶ, ಬರಬೇಡ. ನಿನ್ನ ಅಪ್ಪ ಅಮ್ಮನ ಮನೆಗೆ ಬಾ, ನನ್ನ ಮನೆಗೆ ಬರಬೇಡ. ಉಮಾವತಿಯ ಮಾತೆಲ್ಲ ನಿಜ, ಅವಳ ಮನಸ್ಸಿನಲ್ಲಿ ಹಾಗೆಯೇ ಇದೆ. ನನಗೂ ತಪ್ಪು ನಿನ್ನದಲ್ಲ ಎಂದು ತಲೆಗೆ ಗೊತ್ತಿದೆ. ಪೊಲೀಸರಿಗೆ ಬರೆದುಕೊಟ್ಟದ್ದಕ್ಕೆ ಪಶ್ಚಾತ್ತಾಪವಿಲ್ಲ, ಪುನಃ ಬೇಕಾದರೂ ಬರೆದುಕೊಡುತ್ತೇನೆ. ಆದರೆ ಬಾಗಿ ನಿನಗೋಸ್ಕರ ಅಳುವಾಗ ಜಗಲಿಯಲ್ಲಿ ಕೂತ ನನಗೆ ಹೊಟ್ಟೆ ಉರಿಯಿತು. ಅವಳು ಅಳುವುದು ಬದುಕಿರುವ ಮಗನಿಗೆ. ಬೊಜ್ಜದ ದಿನ ನಿನ್ನ ಹೆಗಲ ಮೇಲೆ ಕೈ ಹಾಕಿದೆನಲ್ಲ, ಆ ಹೆಗಲು ಬಿಸಿಯಾಗಿತ್ತು. ಆಗಿನಿಂದ ನಿನ್ನನ್ನು ಕ್ಷಮಿಸಲು ದಿನಾ ಪ್ರಯತ್ನ ಮಾಡುತ್ತಿದ್ದೇನೆ, ಆಗುತ್ತಿಲ್ಲ. ಆಗುತ್ತದೆ ಎಂದೂ ಕಾಣುವುದಿಲ್ಲ. ನೀನು ನನ್ನ ಮನೆಯ ಎಲೆಯಲ್ಲಿ ಉಣ್ಣುವುದನ್ನು ನಾನು ನೋಡಲಾರೆ.

ಉಮಾವತಿ ಕೇಳಿದರೆ ರಜೆ ಸಿಗಲಿಲ್ಲ ಎನ್ನು. ಇದನ್ನು ಅವಳಿಗೆ ಹೇಳಬೇಡ. ಆದರೆ ಅವಳಿಗೆ ಫೋನು ಮಾಡು ಮಗಾ, ದಿನಾ ಮಾಡು. ನಾನು ಹೋಟೆಲಿಗೆ ಹೋದ ಮೇಲೆ ಮಾಡು.