ಅಂಬಿಕಾ ಓದಿದ ಕಾರ್ಡು

ನನ್ನ ವನಜಾ ಟೀಚರ್‌ಗೆ,

ಕನ್ನಡ ಅಚ್ಚಾಗಿರುವ ಏನಾದರೊಂದನ್ನು ಹುಡುಕಿ ತನ್ನಿ ಎಂದು ನೀವು ಮೊದಲ ಸಲ ಹೇಳಿದ ಭಾನುವಾರ ನೆನಪಿದೆಯೇ? ಮುಂಬೈ ಬದಿಯ ಈ ಕಲ್ಯಾಣದಲ್ಲಿ ಅದೆಲ್ಲಿ ಸಿಗುತ್ತದೆ ಎಂದು ನಾವೆಲ್ಲ ಹಿಂದಿಯಲ್ಲೇ ಗೊಣಗಿದ್ದೆವು. ಮುಂದಿನ ವಾರ ಕನ್ನಡ ಸಂಘದ ಕೋಣೆಯ ಚಾಪೆಯ ಮೇಲೆ ಊದುಬತ್ತಿಯ ಪೊಟ್ಟಣ, ಅಕ್ಕಿ ಚೀಲ, ಊರಿನ ಬಸ್ ಟಿಕೆಟ್ ಎಲ್ಲ ಬಂದು ಬಿದ್ದವು. ತಂದವರೇ ಓದಬೇಕು, ಉಳಿದವರು ಪ್ರಶ್ನೆ ಕೇಳಬೇಕು. ಬಾಯಿಯೇ ಬಿಡದ ನಾನು ಅಪ್ಪನ ಹೋಟೆಲಿನ ಉಪ್ಪಿನಕಾಯಿ ಬಾಟಲಿಯ ಚೀಟಿ ಓದಿದ್ದೆ. "ಇನ್ನೊಮ್ಮೆ ಓದು ಮಾರಾಯ್ತಿ, ಬಾಯಲ್ಲಿ ನೀರು ಬಂತು" ಎಂದಿದ್ದಿರಿ. ನಾನು ಕನ್ನಡದಲ್ಲಿ ಎಂ.ಎ.ವರೆಗೆ ಓದಿದ್ದು ಆ ಮಾತಿನಿಂದಲೇ ಇರಬೇಕು.

ನೀವು ಕಲ್ಯಾಣ ಬಿಟ್ಟು ಹೋದ ವಾರವೇ ಸಂಘದವರು ತರಗತಿಯನ್ನು ನನಗೆ ಒಪ್ಪಿಸಿದರು. ಬೇಡವೆನ್ನುವ ಧೈರ್ಯವೂ ನನಗಿರಲಿಲ್ಲ. ನಿಮ್ಮ ಆಟವನ್ನೇ ಮುಂದುವರಿಸಿದೆ.

ಕಳೆದ ತಿಂಗಳ ಒಂದು ಭಾನುವಾರ ಅಂಬಿಕಾ ಎದ್ದು ನಿಂತಳು. ಅವಳನ್ನು ನೀವು ನೋಡಿಲ್ಲ. ಕಲಬುರಗಿ ಕಡೆಯವರ ಮಗಳು. ಅಪ್ಪನಿಗೆ ಭಿವಂಡಿಯ ಗೋದಾಮಿನಲ್ಲಿ ಲೋಡಿಂಗ್ ಕೆಲಸ. ಮೂರು ವಾರ ಬರಿಗೈಯಲ್ಲಿ ಬಂದವಳು ಅಂದು ಮನೆಯ ಟ್ರಂಕಿನಲ್ಲಿ ಸಿಕ್ಕ ಕಾರ್ಡೊಂದನ್ನು ಎತ್ತಿ ಹಿಡಿದಿದ್ದಳು. "ಕಿಸ್ಕೀ ಶಾದಿ ಹೈ?" ಎಂದು ಹುಡುಗರು ಮದುವೆ ಕಾರ್ಡೆಂದುಕೊಂಡು ಕೇಳಿದರು. ಅವಳು ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದತೊಡಗಿದಳು. ನಾನು ಕಾರ್ಡನ್ನು ನೋಡಲೇ ಇಲ್ಲ. ಅವಳು ಓದುತ್ತಿದ್ದಾಳಲ್ಲ ಎಂಬ ಖುಷಿಯಲ್ಲಿದ್ದೆ. "ಲಿಂಗೈಕ್ಯ ಅಂದ್ರೇನ್ರಿ ಟೀಚರ್?" ಎಂದಳು. ತೀರಿಕೊಂಡವರು ಅಂತ, ಎಂದೆ; ಮದುವೆ ಕಾರ್ಡಿನಲ್ಲೂ ಇಲ್ಲದ ಹಿರಿಯರ ಹೆಸರಿಗೆ ಹಾಗೆ ಬರೆಯುತ್ತಾರಲ್ಲ. ಅವಳು ತಲೆಯಾಡಿಸಿ ಮುಂದಿನ ಪದಕ್ಕೆ ಹೋದಳು. ಶ, ರ, ಣ... ಅಲ್ಲಿಗೇ ನಿಂತಳು.

"ಇದು ನಮ್ಮ ಅಜ್ಜಿ ಹೆಸರ್ರಿ."

ಅದು ಅಜ್ಜಿಯ ಉತ್ತರಕ್ರಿಯೆಯ ಕಾರ್ಡು. ಪರೀಕ್ಷೆ ಮುಗಿಯಲಿ ಎಂದು ಮನೆಯಲ್ಲಿ ಅವಳಿಗೆ ಹೇಳಿರಲಿಲ್ಲವಂತೆ. ತಾಯಿ ಒಬ್ಬರೇ ಊರಿಗೆ ಹೋಗಿ ಬಂದಿದ್ದರು. ನೀವಾಗಿದ್ದರೆ ಮೊದಲು ಕಾರ್ಡನ್ನು ಕೈಗೆ ತೆಗೆದುಕೊಳ್ಳುತ್ತಿದ್ದಿರಿ, ಅಲ್ಲವೇ? ನಾನು...

ಎರಡು ವಾರ ಅಂಬಿಕಾ ಬರಲಿಲ್ಲ. ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಸಂಘದವರಿಗೆ ಹೇಳಿಬಿಟ್ಟೆ. ಒಂದು ಮಗುವಿಗೆ ಸಾವಿನ ಸುದ್ದಿಯನ್ನು ಓದಿಸಿದ ಮೇಲೆ ಯಾವ ಮುಖ ಹೊತ್ತು ಅಲ್ಲಿ ಕೂರಲಿ?

ಮೊನ್ನೆ ಭಾನುವಾರ, ನನ್ನ ಕೊನೆಯ ತರಗತಿಯೆಂದುಕೊಂಡ ದಿನ, ಅವಳು ತಾಯಿಯ ಜೊತೆ ಬಾಗಿಲಲ್ಲಿ ನಿಂತಿದ್ದಳು. ಕ್ಷಮೆ ಕೇಳಲು ಎದ್ದೆ.

"ಬೈಯಾಕ ಬಂದಿಲ್ರಿ ಟೀಚರ್" ಎಂದರು ತಾಯಿ. "ನನಗ ಓದಾಕ ಬರಂಗಿಲ್ರಿ. ಅದರಾಗ ಏನ್ ಬರ್ದಾರ ಅಂತ ನನಗೂ ಗೊತ್ತಿಲ್ರಿ. ಅಕಿ ಪೂರಾ ಓದ್ಲಿ. ನಾ ಕೇಳ್ತೀನಿ."

ಅಂಬಿಕಾ ಓದಿದಳು. ಎಡವಿದ ಕಡೆ ನಾನು ಬಾಯಿ ಹಾಕಲಿಲ್ಲ, ಕಾದೆ. ಕೆಳಗಿದ್ದ ಬಂಧುಗಳ ಹೆಸರುಗಳನ್ನೂ ಬಿಡಲಿಲ್ಲ ಅವಳು. ಆಟದಂತೆ ಇನ್ನು ಪ್ರಶ್ನೆಯ ಸರದಿ. ತಾಯಿಯೇ ಕೇಳಿದರು: "ಇದರಾಗ ನಮ್ಮವ್ವ ಎಲ್ಲಿದ್ದಾಳ?"

ಅಂಬಿಕಾ ತಾಯಿಯ ಬೆರಳು ಹಿಡಿದು ಆ ಹೆಸರಿನ ಮೇಲಿಟ್ಟಳು. ಬೆರಳು ಬಹಳ ಹೊತ್ತು ಅಲ್ಲೇ ಇತ್ತು.

ಬರುವ ವಾರದಿಂದ ತಾಯಿಯೂ ಚಾಪೆಯ ಮೇಲೆ ಕೂರುತ್ತಾರಂತೆ. ನಾನೂ ಇರುತ್ತೇನೆ, ಟೀಚರ್.

ನಿಮ್ಮ,
ಸುಮನಾ